ಚೀನಾದ ಹಳ್ಳಿಗಳ ಮನೆ ಅಳಿಯ: ಕಾಟ ಕೊಡುವುದು ಅತ್ತೆಯಲ್ಲ, ದಾಯಾದಿ

ಪ್ರಶ್ನೆ: ನಾನು ಹಾಸನದ ಕಡೆಯವಳು. ರಾತ್ರಿ ಮಲಗುವ ಮುಂಚೆ ಮೊಬೈಲ್‌ನಲ್ಲಿ ಚೀನೀ ಕಿರು ಧಾರಾವಾಹಿ ನೋಡುವ ಚಟ ಹತ್ತಿದೆ. ಎಷ್ಟೋ ಕಥೆಗಳಲ್ಲಿ ನಾಯಕ ಹೆಂಡತಿ ಮನೆಯಲ್ಲೇ ಇರುವ ಅಳಿಯ. ಅತ್ತೆ ಅವನ ಕೈಯಲ್ಲಿ ನೆಲ ಒರೆಸಿಸುತ್ತಾಳೆ, ನೆಂಟರೆಲ್ಲ ಆಡಿಕೊಂಡು ನಗುತ್ತಾರೆ, ಕೊನೆಗೆ ನೋಡಿದರೆ ಅವನೇ ದೊಡ್ಡ ಕುಳ! ನಿಜಕ್ಕೂ ಅಲ್ಲಿನ ಹಳ್ಳಿಗಳಲ್ಲಿ ಗಂಡ ಹೆಂಡತಿ ಮನೆಗೆ ಹೋಗಿ ಇರುತ್ತಾನಾ? ಹೆಸರು ಬದಲಿಸಬೇಕಾ? ಆಸ್ತಿ ಸಿಗುತ್ತಾ? ನಮ್ಮೂರಲ್ಲಿ ಮನೆ ಅಳಿಯ ಅಂದ್ರೆ ಸ್ವಲ್ಪ ನಗುತ್ತಾರೆ. ಅಲ್ಲೂ ಹಾಗೇನಾ?

ಉತ್ತರ: ಇರುತ್ತಾನೆ. ಇವತ್ತು ನಿನ್ನೆಯ ಕಥೆಯಲ್ಲ, ಎರಡು ಸಾವಿರ ವರ್ಷಕ್ಕೂ ಹಳೆಯದು. ನಗುವುದೂ ನಿಜ, ಆದರೆ ಎಲ್ಲ ಕಡೆ ಅಲ್ಲ. ಧಾರಾವಾಹಿಯವರು ಒಂದು ವಿಷಯದಲ್ಲಿ ಮಾತ್ರ ಪೂರ್ತಿ ದಾರಿ ತಪ್ಪಿಸುತ್ತಾರೆ. ಅವರ ಕಥೆಯಲ್ಲಿ ವಿಲನ್ ಅತ್ತೆ. ಹಳ್ಳಿಯಲ್ಲಿ ಈ ಅಳಿಯನ ನಿಜವಾದ ವೈರಿ ಅತ್ತೆಯೂ ಅಲ್ಲ, ಮಾವನೂ ಅಲ್ಲ. ಮಾವನ ಅಣ್ಣತಮ್ಮಂದಿರ ಮಕ್ಕಳು. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ ದಾಯಾದಿಗಳು. ಇದೊಂದು ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಹೆಸರುಗಳು. ಹಳೆಯ ಪುಸ್ತಕದ ಪದ ಝುಯ್‌ಶ್ಯು. ಇದರಲ್ಲಿ 'ಶ್ಯು' ಅಂದರೆ ಅಳಿಯ. 'ಝುಯ್' ಅನ್ನುವ ಅಕ್ಷರದ ಕೆಳಭಾಗದಲ್ಲಿ ಕವಡೆಯ ಗುರುತಿದೆ, ಚೀನೀ ಬರಹದಲ್ಲಿ ದುಡ್ಡಿಗೆ ಸಂಬಂಧಪಟ್ಟ ಅಕ್ಷರಗಳಲ್ಲಿ ಅದು ಇರುತ್ತದೆ. ದುಡ್ಡಿಗೆ ವಸ್ತು ಅಡ ಇಡುವುದು ಅಂತ ಇದರ ಹಳೆಯ ಅರ್ಥ. ಇದೇ ಅಕ್ಷರಕ್ಕೆ ಇನ್ನೊಂದು ಅರ್ಥವೂ ಇದೆ: ಮೈಮೇಲೆ ಬೇಡದೆ ಬೆಳೆದ ಗಂಟು, ನರುಲಿ. ಅಡ ಇಟ್ಟ ಅಳಿಯ, ಇಲ್ಲವೇ ನರುಲಿಯಂಥ ಅಳಿಯ. ಯಾವುದನ್ನು ತೆಗೆದುಕೊಂಡರೂ ಮರ್ಯಾದೆ ಅಷ್ಟಕ್ಕಷ್ಟೇ, ಅಲ್ವಾ? ಮಾತಿನಲ್ಲಿ ಜನ ಬಳಸುವುದು ಷಾಂಗ್‌ಮೆನ್ ನ್ಯುಶ್ಯು, ಅಂದರೆ ಬಾಗಿಲಿಗೆ ಬಂದ ಅಳಿಯ. ಇದು ಸಭ್ಯ ಮಾತು. ಉತ್ತರದ ಕಡೆ ಲೇವಡಿಗೆ ದಾವ್‌ಛಾಮೆನ್ ಅನ್ನುತ್ತಾರೆ, ತಿರುಗುಮುರುಗಾಗಿ ಸಿಕ್ಕಿಸಿದ ಬಾಗಿಲು ಅನ್ನುವ ಹಾಗೆ.

ಹಳೆಯದು ಅಂದೆನಲ್ಲ, ಎಷ್ಟು ಹಳೆಯದು ಅಂತ ಒಂದು ಉದಾಹರಣೆ ಕೊಡುತ್ತೇನೆ. ಕ್ರಿ.ಪೂ. 214ರಲ್ಲಿ ಚಿನ್ ಸಾಮ್ರಾಟ ದಕ್ಷಿಣದ ಕಾಡುಸೀಮೆಯನ್ನು ಗೆಲ್ಲಲು ದಂಡು ಕಳಿಸಿದ. ಯಾರನ್ನು ಕಳಿಸಿದ ಅಂತ ಚೀನೀ ಇತಿಹಾಸಕಾರರು ಬರೆದಿಟ್ಟಿದ್ದಾರೆ: ತಲೆಮರೆಸಿಕೊಂಡು ಸಿಕ್ಕಿಬಿದ್ದವರು, ಮನೆ ಅಳಿಯಂದಿರು, ವ್ಯಾಪಾರಿಗಳು. ಸತ್ತರೂ ಯಾರೂ ಅಳುವುದಿಲ್ಲ ಅನ್ನುವವರ ಪಟ್ಟಿ ಅದು. ಹುಬೆ ಪ್ರಾಂತ್ಯದ ಒಂದು ಸಮಾಧಿಯಲ್ಲಿ 1975ರಲ್ಲಿ ಬಿದಿರು ಪಟ್ಟಿಗಳ ಮೇಲೆ ಬರೆದ ಕಾನೂನುಗಳು ಸಿಕ್ಕವು. ಅದರಲ್ಲಿ ಕ್ರಿ.ಪೂ. 252ರ ಒಂದು ಆಜ್ಞೆ ಇದೆ. ಮನೆ ಅಳಿಯನಿಗೆ ಸ್ವಂತ ಮನೆತನ ಹೂಡಲು ಬಿಡಬಾರದು, ಜಮೀನು ಕೊಡಬಾರದು, ಮುಂದೆ ಅವನ ಸಂತತಿಯಲ್ಲಿ ಯಾರಾದರೂ ಕೆಲಸಕ್ಕೆ ಸೇರಿದರೆ ದಾಖಲೆಯಲ್ಲಿ 'ಇವನು ಇಂಥ ಮನೆ ಅಳಿಯನ ವಂಶದವನು' ಅಂತ ನಮೂದಿಸಬೇಕು! ಮಾವನ ಮನೆಯಲ್ಲಿ ಉಂಡದ್ದಕ್ಕೆ ಮೊಮ್ಮಗ ಮರಿಮಗನ ತನಕ ಕಪ್ಪು ಚುಕ್ಕೆ.

ಯಾಕೆ ಇಷ್ಟು ಸಿಟ್ಟು? ಬಡತನಕ್ಕೆ. ಚಿನ್ ಅರಸರ ನಂತರ ಬಂದ ಹಾನ್ ಅರಸರ ಕಾಲದ ಜಿಯಾ ಯಿ ಅನ್ನುವ ಪಂಡಿತ ಆಗಲೇ ಇದನ್ನು ಬರೆದಿದ್ದ. ಚಿನ್ ನಾಡಿನಲ್ಲಿ ಮನೆ ಅನುಕೂಲವಾಗಿದ್ದರೆ ಬೆಳೆದ ಮಗ ಪಾಲು ತೆಗೆದುಕೊಂಡು ಬೇರೆ ಹೋಗುತ್ತಾನೆ, ಮನೆ ಬಡವಾಗಿದ್ದರೆ ಮನೆ ಅಳಿಯನಾಗಿ ಹೋಗುತ್ತಾನೆ ಅಂತ. ಅಲ್ಲಿಂದ ಇಲ್ಲಿಯ ತನಕ ಹೋಗುವವನ ಕಡೆಯ ಲೆಕ್ಕ ಜಾಸ್ತಿ ಬದಲಾಗಿಲ್ಲ. ಮನೆಯಲ್ಲಿ ಮೂರು ನಾಲ್ಕು ಗಂಡುಮಕ್ಕಳು, ಬೆಟ್ಟದ ಮೇಲೆ ಒಂದಿಷ್ಟು ಕಲ್ಲು ಜಮೀನು. ಚೀನಾದಲ್ಲಿ ಮದುವೆಗೆ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ದುಡ್ಡು ಕೊಡಬೇಕು, ಮನೆಯನ್ನೂ ಕಟ್ಟಿಸಿರಬೇಕು. ಅದನ್ನು ಎಲ್ಲ ಮಕ್ಕಳಿಗೂ ಎಲ್ಲಿಂದ ತರುವುದು? ಒಬ್ಬನನ್ನು ಅಳಿಯನಾಗಿ ಕಳಿಸಿದರೆ ಆ ಖರ್ಚು ಉಳಿಯಿತು, ಪಾಲಿಗೆ ಕೂರುವವರಲ್ಲಿ ಒಬ್ಬ ಕಡಿಮೆಯಾದ.

ಕರೆಸಿಕೊಳ್ಳುವವರ ಕಡೆಗೆ ಬನ್ನಿ. ಗಂಡುಮಗ ಇಲ್ಲದ ಮನೆ. ನಮ್ಮಲ್ಲಿ 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಅಂತಾರಲ್ಲ, ಅಲ್ಲಿ 'ಮದುವೆಯಾಗಿ ಹೋದ ಮಗಳು ಹೊರಗೆ ಚೆಲ್ಲಿದ ನೀರು' ಅನ್ನುತ್ತಾರೆ. ಎರಡು ಹೆಣ್ಣುಮಕ್ಕಳನ್ನೂ ಕೊಟ್ಟು ಕಳಿಸಿಬಿಟ್ಟರೆ ಗದ್ದೆ ಮಾಡುವವರು ಯಾರು, ಹಾಸಿಗೆ ಹಿಡಿದಾಗ ಗಂಜಿ ಕೊಡುವವರು ಯಾರು, ಸತ್ತ ಮೇಲೆ ಸಮಾಧಿ ಮುಂದೆ ಊದುಬತ್ತಿ ಹಚ್ಚುವವರು ಯಾರು? ಹಳ್ಳಿಯವರಿಗೆ ಸರ್ಕಾರದ ಪಿಂಚಣಿ ಅನ್ನುವುದು ಅಲ್ಲಿ ಪ್ರಯೋಗಕ್ಕೆ ಶುರುವಾಗಿದ್ದೇ 2009ರಲ್ಲಿ, ಅದೂ ಕೈಗೆ ಬರುವುದು ಪುಡಿಗಾಸು. ಅದಕ್ಕೇ ಒಬ್ಬ ಮಗಳನ್ನು ಮನೆಯಲ್ಲೇ ಉಳಿಸಿಕೊಂಡು ಗಂಡನ್ನು ಕರೆಸುತ್ತಾರೆ. ಎಂದರೆ ಅಲ್ಲಿ ತುಂಬಬೇಕಾಗಿರುವುದು ಅಳಿಯನ ಜಾಗ ಅಲ್ಲ, ಮಗನ ಜಾಗ. ಇದನ್ನು ಮರೆಯಬೇಡಿ.

ಮಗನ ಜಾಗಕ್ಕೆ ಹೊರಗಿನವನನ್ನು ತಂದು ಕೂರಿಸಬೇಕಾದರೆ ಬಾಯಿಮಾತು ಸಾಕಾಗುವುದಿಲ್ಲ, ಕಾಗದ ಬೇಕು. ಹಳ್ಳಿಯ ಹಳೆಯ ಕರಾರುಪತ್ರಗಳನ್ನು ಓದುವಾಗ ನನಗೆ ಈಗಲೂ ಹೊಟ್ಟೆಯಲ್ಲಿ ಏನೋ ಒಂಥರಾ ಆಗುತ್ತದೆ. 'ಈ ಹುಡುಗ ಕೈಲಾಗದವನು, ತನ್ನ ಇಷ್ಟದಿಂದಲೇ ಮನೆತನದ ಹೆಸರು ಬದಲಿಸಿಕೊಳ್ಳುತ್ತಾನೆ' ಅನ್ನುವ ಧಾಟಿಯ ಸಾಲು ಅದರಲ್ಲಿ ಬರುತ್ತದೆ. ಅದೊಂದು ಸಿದ್ಧ ಸಾಲು, ನಮ್ಮ ಪತ್ರಬರಹಗಾರರು 'ಸ್ವಂತ ಖುಷಿಯಿಂದ, ಯಾರ ಬಲವಂತವೂ ಇಲ್ಲದೆ' ಅಂತ ಬರೆಯುತ್ತಾರಲ್ಲ ಹಾಗೆ. ಆದರೂ ಒಬ್ಬ ಇಪ್ಪತ್ತರ ಹುಡುಗ ಊರ ಹಿರಿಯರ ಮುಂದೆ ನಿಂತು, ತಾನು ಕೈಲಾಗದವನು ಅಂತ ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದನ್ನು ಸುಮ್ನೆ ಊಹಿಸಿಕೊಳ್ಳಿ. ಅದರ ಕೆಳಗೆ ಕರಾರುಗಳು. ಅತ್ತೆ ಮಾವನನ್ನು ಕೊನೆತನಕ ನೋಡಿಕೊಳ್ಳಬೇಕು, ಸತ್ತಾಗ ಮಗನ ಹಾಗೆ ಮಣ್ಣು ಮಾಡಬೇಕು, ಹುಟ್ಟುವ ಮಕ್ಕಳಿಗೆ ತಾಯಿಯ ಮನೆತನದ ಹೆಸರು.

ಎಲ್ಲ ಕರಾರೂ ಒಂದೇ ಥರ ಇರಲಿಲ್ಲ ಮತ್ತೆ. ಮಂಗೋಲರು ಆಳಿದ ಯುವಾನ್ ಕಾಲದಲ್ಲೇ (13–14ನೇ ಶತಮಾನ) ಮನೆ ಅಳಿಯಂದಿರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದರು. ಕೊನೆತನಕ ಇದ್ದು ಮುಪ್ಪಿನಲ್ಲಿ ನೋಡಿಕೊಳ್ಳುವವನು ಒಬ್ಬ. ಇಷ್ಟು ವರ್ಷ ಅಂತ ಗಡುವು ಹಾಕಿಕೊಂಡು ದುಡಿದು ಆಮೇಲೆ ಹೆಂಡತಿಯನ್ನು ಕರೆದುಕೊಂಡು ತನ್ನ ಮನೆಗೆ ಹೋಗುವವನು ಇನ್ನೊಬ್ಬ, ಅಂದರೆ ಹೆಣ್ಣಿಗೆ ಕೊಡಬೇಕಾದ ದುಡ್ಡನ್ನು ಮೈಮುರಿದು ತೀರಿಸುವವನು. ಹೆಂಡತಿ ಮನೆಯವರಿಂದ ಬೇರೆಯಾಗಿ ಒಲೆ ಹೂಡುವವನು, ಗಡುವು ಮುಗಿದೋ ಹೆಂಡತಿ ಸತ್ತೋ ವಾಪಸ್ ತನ್ನ ಕುಲಕ್ಕೆ ಮರಳುವವನು, ಇವರಿಬ್ಬರು ಸೇರಿ ನಾಲ್ಕು. ಮಕ್ಕಳ ಹೆಸರಿನ ವಿಷಯದಲ್ಲೂ ಚೌಕಾಸಿ ನಡೆಯುತ್ತಿತ್ತು. ಮೊದಲ ಮಗ ತಾಯಿ ಕುಲಕ್ಕೆ, ಎರಡನೆಯವನು ತಂದೆ ಕುಲಕ್ಕೆ ಅಂತ ಹಂಚಿಕೊಳ್ಳುವುದುಂಟು. ತೈವಾನಿನ ಹಳ್ಳಿಯವರು ಇದಕ್ಕೆ ಇಟ್ಟ ಹೆಸರು ಕೇಳಿದರೆ ನಗು ಬರುತ್ತದೆ: ಹೆಣ್ಣುಹಂದಿ ತೆರಿಗೆ. ಹಂದಿ ಸಾಕಲು ಕೊಟ್ಟವನಿಗೆ ಮರಿ ಹಾಕಿದಾಗ ಒಂದನ್ನು ಕೊಡಬೇಕಲ್ಲ, ಅದೇ ಲೆಕ್ಕ. ಇನ್ನು ಕೆಲವು ಕಡೆ 'ಮೂರನೇ ತಲೆಮಾರಿಗೆ ಮೂಲ ಕುಲಕ್ಕೆ ವಾಪಸ್' ಅನ್ನುವ ಪದ್ಧತಿ ಇದೆ. ಮಗ ತಾಯಿಯ ಹೆಸರು ಹೊರುತ್ತಾನೆ, ಮೊಮ್ಮಗನ ಹೊತ್ತಿಗೆ ಸಾಲ ತೀರಿತು, ಅಜ್ಜನ ಹೆಸರು ಮತ್ತೆ ಬಂತು.

ಹಾಗಾಗಿ ನಿಮ್ಮ 'ಹೆಸರು ಬದಲಿಸಬೇಕಾ' ಅನ್ನುವುದಕ್ಕೆ ಉತ್ತರ: ಹಿಂದೆ ಎಷ್ಟೋ ಕಡೆ ಹೌದು. ಕಮ್ಯುನಿಸ್ಟರಿಗಿಂತ ಮುಂಚಿನ ಸರ್ಕಾರದ 1930ರ ಸಿವಿಲ್ ಕಾನೂನು ಕೂಡ ಇಂಥ ಗಂಡ ತನ್ನ ಹೆಸರಿನ ಮುಂದೆ ಹೆಂಡತಿಯ ಮನೆತನದ ಹೆಸರು ಸೇರಿಸಿಕೊಳ್ಳಬೇಕು ಅಂತಿತ್ತು. ಈಗ ಚೀನಾದಲ್ಲಿ ಕಾನೂನಿನ ಬಲವಂತ ಇಲ್ಲ. ಜಗಳ ಇರುವುದು ಮಕ್ಕಳ ಹೆಸರಿನ ಮೇಲೆ.

ಈಗ ದಾಯಾದಿಗಳ ವಿಷಯ. ಗಂಡುಮಗ ಇಲ್ಲದವನು ಸತ್ತರೆ ಅವನ ಗದ್ದೆ ಮನೆ ಯಾರಿಗೆ ಹೋಗಬೇಕು? ಹಳೆಯ ಪದ್ಧತಿಯಲ್ಲಿ ಅಣ್ಣತಮ್ಮನ ಮಗನನ್ನು ದತ್ತು ಮಾಡಿಸಿ, ಅವನ ಕೈಯಲ್ಲಿ ಪಿತೃಪೂಜೆ ಮಾಡಿಸಿ, ಆಸ್ತಿಯನ್ನು ಅವನಿಗೆ ಬಿಡಬೇಕು. ಆ ಅಣ್ಣತಮ್ಮನ ಮಗ ಎಷ್ಟೋ ವರ್ಷದಿಂದ ಆ ಗದ್ದೆಯನ್ನು ನೋಡಿಕೊಂಡೇ ಬೆಳೆದಿರುತ್ತಾನೆ. ಅಷ್ಟರಲ್ಲಿ ಎಲ್ಲಿಂದಲೋ ಬೆಟ್ಟದ ಮೇಲಿನವನೊಬ್ಬ ಬಟ್ಟೆ ಗಂಟು ಹೊತ್ತುಕೊಂಡು ಬಂದು ಬಾಗಿಲು ದಾಟಿದ. ಇನ್ನೇನು ಬೇಕು ಜಗಳಕ್ಕೆ! ಮಿಂಗ್ ಅರಸರ ಕಾಲದ (14–17ನೇ ಶತಮಾನ) ರಾಜಾಜ್ಞೆ ಈ ಜಗಳಕ್ಕೆ ಮಾಡಿದ ತೀರ್ಪು ನೋಡಿ: ಅಳಿಯನನ್ನು ಕರೆಸುವವರು ಮಧ್ಯಸ್ಥರನ್ನಿಟ್ಟು ಪತ್ರ ಮಾಡಿಕೊಳ್ಳಬೇಕು. ಒಬ್ಬನೇ ಮಗ ಇರುವವರು ಅವನನ್ನು ಮನೆ ಅಳಿಯನಾಗಿ ಕಳಿಸುವಂತಿಲ್ಲ. ಮುಪ್ಪಿಗೆ ಅಂತ ಅಳಿಯನನ್ನು ತಂದರೂ ಪೂಜೆಗೆ ಮಾತ್ರ ಅದೇ ಕುಲದ ಒಬ್ಬನನ್ನು ವಾರಸುದಾರ ಮಾಡಲೇಬೇಕು, ಆಸ್ತಿ ಇಬ್ಬರಿಗೂ ಸಮಪಾಲು. ಅವರ ನಂತರ ಬಂದ ಚಿಂಗ್ ಅರಸರ ಕಾಲದಲ್ಲೂ ಇದೇ ನಡೆಯಿತು. ಹಾಸಿಗೆ ಹಿಡಿದ ಮುದುಕನ ಮಲ ಬಳಿದವನು ಅಳಿಯ, ಅರ್ಧ ಗದ್ದೆ ಒಯ್ದವನು ಊದುಬತ್ತಿ ಹಚ್ಚಿದ ದಾಯಾದಿ. ನನ್ನನ್ನು ಕೇಳಿದರೆ ಇದು ಅನ್ಯಾಯ. ಆದರೆ ರಾಜನಿಗೆ ಬೇಕಾಗಿದ್ದು ಕುಲಗಳ ಬೆಂಬಲ, ಅಳಿಯನ ಸುಖ ಅಲ್ಲ.

ಈ ಕಾಟ ದೇವರ ಗೂಡಿನ ತನಕ ಬರುತ್ತದೆ. ತೈವಾನಿನ ಹಳ್ಳಿಮನೆಗಳಲ್ಲಿ ಹಿರಿಯರ ಹೆಸರು ಬರೆದ ಮರದ ಫಲಕಗಳನ್ನು ನಡುಮನೆಯ ಪೀಠದ ಮೇಲೆ ಇಡುತ್ತಾರೆ. ಮನೆ ಅಳಿಯನಿಗೂ ತನ್ನ ಅಪ್ಪ ಅಮ್ಮ ಇದ್ದಾರಲ್ಲ, ಅವರ ಫಲಕ ಎಲ್ಲಿಡಬೇಕು? ಬೇರೆ ಮನೆತನದ ಫಲಕವನ್ನು ಪಕ್ಕದಲ್ಲೇ ಇಟ್ಟರೆ ಮನೆಯ ಹಿರಿಯರು ಮುನಿಯುತ್ತಾರೆ ಅನ್ನುವ ನಂಬಿಕೆ. ಹಾಗಾಗಿ ನಡುವೆ ಒಂದು ಹಲಗೆ ಅಡ್ಡ ಇಡುವುದು, ಇಲ್ಲವೇ ಒಳಕೋಣೆಯಲ್ಲಿ ಗೋಡೆಗೆ ಚಿಕ್ಕದೊಂದು ಹಲಗೆ ಹೊಡೆದು ಅದರ ಮೇಲೆ ಇಡುವುದು. ಬದುಕಿದ್ದಾಗ ಅಳಿಯ ಮೂಲೆಯಲ್ಲಿ, ಸತ್ತ ಮೇಲೆ ಅವನ ಅಪ್ಪ ಅಮ್ಮನೂ ಮೂಲೆಯಲ್ಲಿ.

'ಎಲ್ಲ ಕಡೆ ನಗುವುದಿಲ್ಲ' ಅಂದೆನಲ್ಲ, ಅದು ಇಲ್ಲಿಗೆ ಸೇರುತ್ತದೆ. ಶಾನ್‌ಶಿ ಪ್ರಾಂತ್ಯದೊಳಗೇ ಎರಡು ತಾಲ್ಲೂಕಿನಂಥ ಜಾಗಗಳನ್ನು ತೆಗೆದುಕೊಳ್ಳಿ. ಸಾನ್‌ಯುವಾನ್ ಬಯಲುಸೀಮೆ, ಗೋಧಿ ಬೆಳೆಯುವ ಹಳೆಯ ನಾಡು. ಊರಿಗೆ ಊರೇ ಒಂದೇ ಕುಲದ ಜನ, ಕುಲದ ಹಿರಿಯರದೇ ಮಾತು. ಅಲ್ಲಿ ಮನೆ ಅಳಿಯ ಅಪರೂಪ, ಇದ್ದರೂ ತಲೆ ತಗ್ಗಿಸಿಕೊಂಡೇ ಇರಬೇಕು. ಅದೇ ಪ್ರಾಂತ್ಯದ ದಕ್ಷಿಣಕ್ಕೆ ಹೋದರೆ ಚಿನ್‌ಲಿಂಗ್ ಬೆಟ್ಟಸಾಲಿನಲ್ಲಿ ಲ್ಯುಎಯಾಂಗ್. ಮನೆಗಳು ಇಲ್ಲೊಂದು ಅಲ್ಲೊಂದು, ಜನ ಬೇರೆ ಬೇರೆ ಕಡೆಯಿಂದ ವಲಸೆ ಬಂದವರು, ಕುಲದ ಬಿಗಿ ಇಲ್ಲ. ಕೈಕಾಲು ಗಟ್ಟಿಯಿರುವ ಗಂಡು ಯಾವ ಬಾಗಿಲಿಂದ ಬಂದರೂ ಸೈ. ಅಲ್ಲಿ ಮನೆ ಅಳಿಯತನ ತುಂಬಾ ಮಾಮೂಲಿ, ಕೆಲವರು ಗಂಡುಮಗ ಇದ್ದರೂ ಅಳಿಯನನ್ನು ಕರೆಸುತ್ತಾರೆ. ಎರಡೂ ಕಡೆ ಇರುವವರು ಹಾನ್ ಚೀನೀಯರೇ, ಅಂದರೆ ಚೀನಾದ ಬಹುಸಂಖ್ಯಾತ ಜನಾಂಗದವರೇ. ಹಿರಿಯರ ಪೂಜೆ, ಕುಲದ ನೀತಿ ಹೇಳಿದ ಹಳೆಯ ಗುರು ಕನ್‌ಫ್ಯೂಷಿಯಸ್ ಎರಡೂ ಕಡೆಗೆ ಒಬ್ಬನೇ. ವ್ಯತ್ಯಾಸ ಇರುವುದು ದಾಯಾದಿಗಳ ಬಲದಲ್ಲಿ. ಹಾನ್ ಅಲ್ಲದ ಜನರಲ್ಲಿ ಇನ್ನೂ ಸಲೀಸು. ನೈಋತ್ಯದ ಯುನ್ನಾನ್ ಪ್ರಾಂತ್ಯದ ಲಾಹು, ದಾಯ್ ಜನರಲ್ಲಿ ಹೊಸ ಮದುಮಗ ಕೆಲವು ವರ್ಷ ಹೆಂಡತಿ ಮನೆಯಲ್ಲಿ ಇದ್ದು ದುಡಿಯುವುದೇ ಸರಿಯಾದ ಕ್ರಮ, ಅದರಲ್ಲಿ ನಾಚಿಕೆಯ ಮಾತೇ ಇಲ್ಲ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ, ಯಾಕೆಂದರೆ ನಮ್ಮವರು ಪದೇ ಪದೇ ಕೇಳುತ್ತಾರೆ: ಇದು ನಮ್ಮ ತುಳುನಾಡಿನ ಅಳಿಯಸಂತಾನದ ಥರಾನಾ? ಅಲ್ಲ. ಅಳಿಯಸಂತಾನದಲ್ಲಿ ಅಳಿಯ ಅಂದರೆ ಸೋದರಳಿಯ, ಮಗಳ ಗಂಡ ಅಲ್ಲ. ಅಲ್ಲಿ ಕುಲ ಹರಿಯುವುದೇ ಹೆಣ್ಣಿನ ಕಡೆಯಿಂದ. ಚೀನಾದಲ್ಲಿ ಕುಲ ಗಂಡಿನದೇ, ಗಂಡು ಇಲ್ಲದ ಕಡೆ ಒಂದು ತೇಪೆ ಹಾಕುತ್ತಾರೆ ಅಷ್ಟೇ.

ಕಮ್ಯುನಿಸ್ಟ್ ಸರ್ಕಾರ ಬಂದ ಮೇಲೆ ಇದರ ಬೆನ್ನು ತಟ್ಟಿತು. 1974ರ ಕನ್‌ಫ್ಯೂಷಿಯಸ್ ವಿರೋಧಿ ಚಳವಳಿಯಲ್ಲಿ 'ಗಂಡು ಹೆಣ್ಣಿನ ಮನೆಗೆ ಹೋಗಲಿ' ಅಂತ ಹಳ್ಳಿಹಳ್ಳಿಯಲ್ಲಿ ಪ್ರಚಾರ ಮಾಡಿದರು. 1980ರ ಮದುವೆ ಕಾನೂನಿನಲ್ಲಿ ಅದನ್ನು ಬರೆದೇ ಇಟ್ಟರು: ಇಬ್ಬರ ಒಪ್ಪಂದದ ಪ್ರಕಾರ ಹೆಂಡತಿ ಗಂಡನ ಮನೆಯವಳಾಗಬಹುದು, ಗಂಡ ಹೆಂಡತಿ ಮನೆಯವನಾಗಬಹುದು, ಮಕ್ಕಳು ಅಪ್ಪನ ಹೆಸರಾದರೂ ಇಟ್ಟುಕೊಳ್ಳಬಹುದು ಅಮ್ಮನ ಹೆಸರಾದರೂ ಇಟ್ಟುಕೊಳ್ಳಬಹುದು. 2021ರಿಂದ ಜಾರಿಯಲ್ಲಿರುವ ಸಿವಿಲ್ ಸಂಹಿತೆಯಲ್ಲೂ ಈ ಮಾತುಗಳಿವೆ. ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಅಳಿಯಂದಿರ ಮೇಲೆ ಪ್ರೀತಿ ಉಕ್ಕಿತು ಅಂದುಕೊಳ್ಳಬೇಡಿ. ಅದೇ ಹೊತ್ತಿಗೆ ಒಂದೇ ಮಗು ನೀತಿ ಬಿಗಿಯಾಗುತ್ತಿತ್ತು. ಹೆಣ್ಣುಮಗುವೊಂದೇ ಇದ್ದರೂ ಮುಪ್ಪಿಗೆ ತೊಂದರೆಯಿಲ್ಲ ಅಂತ ಹಳ್ಳಿಯವರನ್ನು ಒಪ್ಪಿಸಬೇಕಿತ್ತು. ಎಷ್ಟೋ ಪ್ರಾಂತ್ಯಗಳಲ್ಲಿ, ಗಂಡುಮಕ್ಕಳಿಲ್ಲದ ಮನೆಗೆ ಅಳಿಯನಾಗಿ ಹೋದವನಿಗೆ ಎರಡನೇ ಮಗುವಿಗೆ ಅನುಮತಿ ಅಂತ ಆಸೆಯನ್ನೂ ತೋರಿಸಿದರು. ಅದು ಸಾಕಾಗಲಿಲ್ಲ. 2004ರಲ್ಲಿ 100 ಹೆಣ್ಣುಮಕ್ಕಳಿಗೆ 121 ಗಂಡುಮಕ್ಕಳು ಹುಟ್ಟುವ ಮಟ್ಟ ಮುಟ್ಟಿತ್ತು.

ಆಸ್ತಿಯ ಪ್ರಶ್ನೆ ಇನ್ನು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಚೀನಾದ ಹಳ್ಳಿಯಲ್ಲಿ ಜಮೀನು ಯಾರ ಸ್ವಂತದ್ದೂ ಅಲ್ಲ, ಊರಿನದು. ಊರಿನ ಸದಸ್ಯ ಅನ್ನಿಸಿಕೊಂಡವರಿಗೆ ಉಳುಮೆಯ ಪಾಲು, ಮನೆ ಕಟ್ಟುವ ಜಾಗ. ಊರಿನ ಜಮೀನನ್ನು ಕಾರ್ಖಾನೆಗೋ ರಸ್ತೆಗೋ ಕೊಟ್ಟರೆ ಪರಿಹಾರದಲ್ಲಿ ಪಾಲು. ಅಳಿಯ ಬಂದು ತನ್ನ ಹೆಸರನ್ನು ಆ ಊರಿನ ನೋಂದಣಿಗೆ ಹಾಕಿಸಿಕೊಂಡರೆ ಪಾಲಿಗೆ ಒಂದು ತಲೆ ಜಾಸ್ತಿ, ಮಕ್ಕಳಾದರೆ ಇನ್ನೂ ಜಾಸ್ತಿ. ಹಿಂದೆ ಹೊಟ್ಟೆಕಿಚ್ಚು ಪಡುತ್ತಿದ್ದದ್ದು ಅಣ್ಣತಮ್ಮನ ಮಕ್ಕಳು ಮಾತ್ರ. ಈಗ ಇಡೀ ಊರೇ ದಾಯಾದಿ! ಅದಕ್ಕೇ ಎಷ್ಟೋ ಊರುಗಳು ಸಭೆ ಸೇರಿಸಿ ಸ್ವಂತ ಕಟ್ಟಳೆ ಮಾಡಿಕೊಂಡವು. ಗಂಡುಮಗ ಇರುವ ಮನೆಗೆ ಬಂದ ಅಳಿಯನಿಗೆ ಪಾಲಿಲ್ಲ. ಬರೀ ಹೆಣ್ಣುಮಕ್ಕಳಿದ್ದರೆ ಒಬ್ಬ ಮಗಳ ಗಂಡನಿಗೆ ಮಾತ್ರ ಪಾಲು, ಮಿಕ್ಕವರು ಹೊರಗೆ. ನಗರದ ಅಂಚಿನ, ಜಮೀನಿಗೆ ಬೆಲೆ ಬಂದ ಊರುಗಳಲ್ಲಿ ಇದು ಇನ್ನೂ ಬಿಗಿ. ಸೊಸೆಯಾಗಿ ಬಂದವಳಿಗೆ ಇಂಥ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ ನೋಡಿ.

ಕಾನೂನು ಇದಕ್ಕೆ ವಿರುದ್ಧ. ಹೆಂಡತಿ ಊರಿಗೆ ಬಂದು ನೋಂದಾಯಿಸಿಕೊಂಡ ಗಂಡನಿಗೂ ಮಕ್ಕಳಿಗೂ ಊರಿನ ಉಳಿದವರಷ್ಟೇ ಹಕ್ಕು ಅಂತ 2005ರಲ್ಲಿ ಮಹಿಳಾ ಹಕ್ಕುಗಳ ಕಾನೂನಿಗೆ ಸೇರಿಸಿದರು. ಆದರೆ ಸಭೆಯಲ್ಲಿ ಕೈ ಎತ್ತುವವರು ಯಾರು? ಪಾಲು ಕಡಿಮೆಯಾಗುವವರೇ. ಕೋರ್ಟಿಗೆ ಹೋದರೆ 'ಇದು ಊರಿನ ಸ್ವಂತ ಆಡಳಿತದ ವಿಷಯ' ಅಂತ ಎಷ್ಟೋ ಸಲ ಕೈ ತೊಳೆದುಕೊಂಡಿದ್ದಾರೆ. 2025ರ ಮೇ 1ರಿಂದ ಹಳ್ಳಿಯ ಸಾಮೂಹಿಕ ಆಸ್ತಿ ಸಂಸ್ಥೆಗಳಿಗೇ ಒಂದು ಪ್ರತ್ಯೇಕ ಕಾನೂನು ಬಂದಿದೆ. ಮದುವೆಯಾದವರಿಗೆ ಬೇರೆ ಊರಿನಲ್ಲಿ ಸದಸ್ಯತ್ವ ಸಿಗುವ ತನಕ ಹಳೆಯ ಊರಿನವರು ಹೆಸರು ಹೊಡೆದು ಹಾಕುವಂತಿಲ್ಲ ಅಂತ ಅದರಲ್ಲಿದೆ. ಎರಡೂ ಊರಿನವರು ಕೈಬಿಟ್ಟು ಮನೆ ಅಳಿಯ ತ್ರಿಶಂಕುವಾಗುವುದು ಇದರಿಂದ ಕಡಿಮೆಯಾಗಬೇಕು.

ಮಾವನ ಸ್ವಂತ ದುಡ್ಡು, ಮನೆ, ಒಡವೆಯ ಮಾತು ಬೇರೆ. ಅದಕ್ಕೆ ವಾರಸುದಾರಳು ಮಗಳು. ಅಳಿಯನಿಗೆ ತಾನಾಗಿ ಏನೂ ಬರುವುದಿಲ್ಲ. ಒಂದು ಕಡೆ ಮಾತ್ರ ಕಾನೂನು ಅವನ ಕಡೆ ತಿರುಗಿ ನೋಡಿದೆ, ಅದು ನನಗೆ ತುಂಬಾ ಹಿಡಿಸಿದ ಕಲಮು. ಹೆಂಡತಿ ತೀರಿಕೊಂಡ ಮೇಲೂ ಅತ್ತೆ ಮಾವನನ್ನು ಮುಖ್ಯವಾಗಿ ತಾನೇ ನೋಡಿಕೊಂಡ ಅಳಿಯ ಮೊದಲ ಸಾಲಿನ ವಾರಸುದಾರ, ಹೆತ್ತ ಮಗನಿಗೆ ಸಮ. ಗಂಡ ಸತ್ತ ಸೊಸೆಗೂ ಇದೇ. 1985ರ ಉತ್ತರಾಧಿಕಾರ ಕಾನೂನಿನಲ್ಲಿ ಬಂದಿದ್ದು, ಈಗಿನ ಸಂಹಿತೆಯ 1129ನೇ ಕಲಮು. ಮಿಂಗ್ ಕಾಲದಲ್ಲಿ ಊದುಬತ್ತಿ ಹಚ್ಚಿದವನಿಗೆ ಹೋದ ಅರ್ಧ ಪಾಲು ಕೊನೆಗೂ ಗಂಜಿ ಕುಡಿಸಿದವನಿಗೆ ಬಂತು.

ಈಗಿನ ಕಥೆ ಪೂರ್ತಿ ಬೇರೆ ದಿಕ್ಕಿಗೆ ಹೊರಟಿದೆ. ಪೂರ್ವ ಚೀನಾದ ಹಾಂಗ್‌ಝೌ ನಗರಕ್ಕೆ ಸೇರಿದ ಶಿಯಾವ್‌ಶಾನ್ ಮನೆ ಅಳಿಯಂದಿರಿಗೆ ಹೆಸರಾದ ಜಾಗ. ಕಾರ್ಖಾನೆ ಬಂದು ಜಮೀನಿಗೆ ಬೆಲೆ ಏರಿ ಶ್ರೀಮಂತವಾದ ಊರುಗಳು. ಒಬ್ಬಳೇ ಮಗಳು, ಮೂರು ನಾಲ್ಕು ಮಹಡಿ ಮನೆ. ಹೊರ ಪ್ರಾಂತ್ಯದಿಂದ ಓದು ಮುಗಿಸಿ ಕೆಲಸಕ್ಕೆ ಬಂದ ಹುಡುಗನಿಗೆ ಹಾಂಗ್‌ಝೌನಲ್ಲಿ ಮನೆ ಕೊಳ್ಳುವುದು ಕನಸು. ಇಬ್ಬರಿಗೂ ಲೆಕ್ಕ ಕೂಡಿಬರುತ್ತದೆ. ಮನೆ ಅಳಿಯಂದಿರನ್ನೇ ಹುಡುಕಿ ಕೊಡುವ ಮದುವೆ ದಲ್ಲಾಳಿಗಳು ಅಲ್ಲಿದ್ದಾರೆ, ಗಂಡುಗಳು ಸಾಲುಗಟ್ಟಿ ಹೆಸರು ಬರೆಸುತ್ತಾರೆ. ಓದು ಎಷ್ಟು, ಎತ್ತರ ಎಷ್ಟು, ಸಾಲ ಇದೆಯಾ ಅಂತ ಹೆಣ್ಣಿನ ಕಡೆಯವರು ಕೇಳುತ್ತಾರೆ. ನಿಮ್ಮ ಧಾರಾವಾಹಿಗಳಿಗೆ ಗಿರಾಕಿ ಇರುವುದೂ ಇಂಥ ಹುಡುಗರಿಂದಲೇ ಇರಬೇಕು ಅಂತ ನನ್ನ ಗುಮಾನಿ. ಹಗಲೆಲ್ಲ ನುಂಗಿಕೊಂಡ ಮಾತಿಗೆ ರಾತ್ರಿ ಪರದೆ ಮೇಲೆ ಒಬ್ಬ ಸೇಡು ತೀರಿಸಿದರೆ ಯಾರಿಗೆ ಬೇಡ?

ಪೂರ್ವ ಕರಾವಳಿಯ ಜಿಯಾಂಗ್ಸು ಪ್ರಾಂತ್ಯದ ದಕ್ಷಿಣ ಭಾಗ, ಪಕ್ಕದ ಝೆಜಿಯಾಂಗ್ ಪ್ರಾಂತ್ಯದ ಉತ್ತರ ಭಾಗದ ಹಳ್ಳಿಗಳಲ್ಲಿ ಇನ್ನೊಂದು ಹೊಸ ಏರ್ಪಾಟು ಬಂದಿದೆ, ಲಿಯಾಂಗ್‌ಥೋವ್‌ಹುನ್. ಎರಡೂ ತಲೆಯ ಮದುವೆ ಅನ್ನಬಹುದು. ಇಬ್ಬರೂ ಒಬ್ಬೊಬ್ಬರೇ ಮಕ್ಕಳು, ಅವಳು ಹೋಗುವುದಿಲ್ಲ, ಇವನು ಬರುವುದಿಲ್ಲ. ಹೆಣ್ಣಿಗೆ ದುಡ್ಡು ಕೊಡುವುದಿಲ್ಲ, ಅವಳು ಒಡವೆ ವಸ್ತು ಹೊತ್ತು ತರುವುದೂ ಇಲ್ಲ. ಎರಡೂ ಮನೆಯಲ್ಲಿ ಅವರಿಗೊಂದು ಕೋಣೆ ಸಿದ್ಧ, ಈ ವಾರ ಇಲ್ಲಿ ಮುಂದಿನ ವಾರ ಅಲ್ಲಿ. ಎರಡು ಮಕ್ಕಳಾಗಬೇಕು, ಒಂದಕ್ಕೆ ಆ ಮನೆತನದ ಹೆಸರು, ಒಂದಕ್ಕೆ ಈ ಮನೆತನದ ಹೆಸರು. ಕೇಳಲು ಚೆನ್ನಾಗಿದೆ. ಆದರೆ ಒಂದೇ ಮಗುವಿಗೆ ನಿಲ್ಲಿಸಿಬಿಟ್ಟರೆ? ಮೊದಲನೆಯದು ಗಂಡು, ಎರಡನೆಯದು ಹೆಣ್ಣು ಆದರೆ ಯಾರಿಗೆ ಯಾವುದು? ಜಗಳ ಇಲ್ಲಿ ಕಾದು ಕೂತಿರುತ್ತದೆ.

ಈ ಮನೆಗಳಲ್ಲಿ ಏನು ಬದಲಾಗಿದೆ ಅಂತ ತಿಳಿಯಬೇಕಾದರೆ ಮಕ್ಕಳು ಅಜ್ಜನನ್ನು ಹೇಗೆ ಕರೆಯುತ್ತಾರೆ ಅಂತ ಕೇಳಿಸಿಕೊಳ್ಳಬೇಕು. ಚೀನೀ ಭಾಷೆಯಲ್ಲಿ ಅಪ್ಪನ ಅಪ್ಪ 'ಯೆಯೆ', ಅಮ್ಮನ ಅಪ್ಪ 'ವಾಯ್‌ಗೋಂಗ್'. ಆ 'ವಾಯ್' ಅಂದರೆ ಹೊರಗೆ, ಹೊರಗಿನ ತಾತ. ಮನೆ ಅಳಿಯನ ಮಕ್ಕಳು ಅಮ್ಮನ ಅಪ್ಪನನ್ನು 'ಯೆಯೆ' ಅನ್ನುತ್ತಾರೆ, ಅಷ್ಟರಮಟ್ಟಿಗೆ ಅವರು ಆ ಕುಲದ ಮೊಮ್ಮಕ್ಕಳಾದ ಹಾಗೆ. ಎರಡೂ ತಲೆಯ ಮದುವೆಯ ಮನೆಗಳಲ್ಲಿ ಮಕ್ಕಳು ಎರಡೂ ಕಡೆಯ ಅಜ್ಜಂದಿರನ್ನು 'ಯೆಯೆ' ಅಂತಲೇ ಕರೆಯುತ್ತಾರೆ. ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತಾಗ ಮಗು 'ಯೆಯೆ' ಅಂತ ಕೂಗಿದರೆ ಇಬ್ಬರೂ ತಿರುಗಿ ನೋಡುತ್ತಾರೆ.